ಹನ್ನೊಂದು ತಿಂಗಳಿಗೊಂದು ಉಸಿರು

ಉರಿದು, ಮಂಕಾಗಿ, ಮಾಯವಾಗಿ, ಮತ್ತೆ ಮರಳುವ ಕೆಂಪು ನಕ್ಷತ್ರಗಳ ಲೆಕ್ಕವನ್ನು ನಾಲ್ಕು ಶತಮಾನಗಳಿಂದ ಯಾರೋ ಒಬ್ಬರು ಬರೆದಿಡುತ್ತಲೇ ಬಂದಿದ್ದಾರೆ. ಪಾದ್ರಿ, ಪಂಚಾಂಗದ ಮನೆತನದವರು, ಖಜಾನೆಯ ನೌಕರ ಎಲ್ಲರೂ ಈ ಸಾಲಿನಲ್ಲಿದ್ದಾರೆ.

ತಿಮಿಂಗಿಲ ನಕ್ಷತ್ರಪುಂಜದ ಕುತ್ತಿಗೆಯ ಹತ್ತಿರ ಒಂದು ನಕ್ಷತ್ರ ಇರುತ್ತದೆ, ಇರುವುದಿಲ್ಲ. ಕೆಲವು ವಾರ ಅದು ಸುತ್ತಲಿನ ಚುಕ್ಕಿಗಳ ನಡುವೆ ಕೆಂಪಗೆ ಎದ್ದು ಕಾಣುತ್ತದೆ. ಆಮೇಲೆ ದಿನದಿಂದ ದಿನಕ್ಕೆ ಇಳಿಯುತ್ತಾ ಬರಿಗಣ್ಣಿಗೆ ತಪ್ಪಿಸಿಕೊಂಡು, ಬೈನಾಕ್ಯುಲರ್ ಹಿಡಿದರೂ ಹುಡುಕಾಡಬೇಕಾದಷ್ಟು ಮಂಕಾಗುತ್ತದೆ. ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧ ಕಾಲ ಆ ಜಾಗ ನೋಡುವವರ ಪಾಲಿಗೆ ಖಾಲಿ. ಸುಮಾರು 332 ದಿನಗಳಿಗೊಮ್ಮೆ ಮತ್ತೆ ಅದೇ ಏರು, ಅದೇ ಇಳಿತ. ಹೆಸರು ಮೀರಾ.

ಗ್ರಹಣ ಒಂದು ಹಗಲಿನಲ್ಲೋ ಒಂದು ರಾತ್ರಿಯಲ್ಲೋ ಮುಗಿಯುತ್ತದೆ, ಅದನ್ನು ನೋಡಲು ಊರೇ ನೆರೆಯುತ್ತದೆ. ಹ್ಯಾಲಿಯ ಧೂಮಕೇತು ಬಂದರೆ ಮೊಮ್ಮಕ್ಕಳಿಗೆ ಹೇಳುವ ಕತೆಯಾಗುತ್ತದೆ. ಮೀರಾದ ಲಯ ಈ ಎರಡಕ್ಕೂ ಸೇರದ್ದು. ಒಂದು ರಾತ್ರಿ ಕೂತು ನೋಡಿದರೆ ಏನೂ ಆಗುವುದಿಲ್ಲ. ಒಂದು ವಾರ ನೋಡಿದರೂ ಅನುಮಾನ ಉಳಿಯುತ್ತದೆ. ಇವತ್ತು ಕಂಡದ್ದನ್ನು ಮೂರು ತಿಂಗಳ ಹಿಂದೆ ಕಂಡದ್ದರ ಜೊತೆ ಇಟ್ಟು ನೋಡಿದರೆ ಮಾತ್ರ ಗುಟ್ಟು ಬಿಡುತ್ತದೆ, ಮತ್ತು ಮೂರು ತಿಂಗಳ ಹಿಂದೆ ಕಂಡದ್ದು ನೆನಪಿನಲ್ಲಿ ಸರಿಯಾಗಿ ಉಳಿಯುವುದಿಲ್ಲ. ಹಾಗಾಗಿ ಈ ನಕ್ಷತ್ರಗಳ ಚರಿತ್ರೆಯಲ್ಲಿ ದೂರದರ್ಶಕಕ್ಕಿಂತ ನೋಟ್‌ಬುಕ್ಕಿನ ಪಾತ್ರವೇ ದೊಡ್ಡದು ಎಂಬುದು ನನ್ನ ತಿಳಿವಳಿಕೆ.

ಪಾದ್ರಿಗೆ ಸಿಕ್ಕ ಚುಕ್ಕಿ

1596ರ ಆಗಸ್ಟ್. ಇಂದಿನ ಜರ್ಮನಿಯ ವಾಯವ್ಯ ತುದಿಯಲ್ಲಿ, ಉತ್ತರ ಸಮುದ್ರದ ಅಂಚಿನ ಈಸ್ಟ್ ಫ್ರಿಸಿಯಾ ಎಂಬ ಸೀಮೆಯಲ್ಲಿ, ಡೇವಿಡ್ ಫಾಬ್ರಿಸಿಯಸ್ ಎಂಬ ಹಳ್ಳಿಯ ಪಾದ್ರಿ ಒಂದು ಗ್ರಹದ ಸ್ಥಾನ ಅಳೆಯುತ್ತಿದ್ದ. ಅದು ಬುಧ ಎಂದು ಅವನ ಎಣಿಕೆ. ನಿಜಕ್ಕೂ ಅದು ಗುರು. ಅಳತೆಗೆ ಆಧಾರವಾಗಿ ಹತ್ತಿರದಲ್ಲೊಂದು ನಕ್ಷತ್ರ ಬೇಕಿತ್ತು. ಕಣ್ಣಿಗೆ ಬಿದ್ದ ಒಂದನ್ನು ಆರಿಸಿಕೊಂಡ. ಆ ನಕ್ಷತ್ರ ಯಾವ ಪಟ್ಟಿಯಲ್ಲೂ ಇರಲಿಲ್ಲ. ಆಗಸ್ಟ್ ಮುಗಿಯುವ ಹೊತ್ತಿಗೆ ಅದು ಇನ್ನೂ ಪ್ರಕಾಶಮಾನವಾಯಿತು, ಅಕ್ಟೋಬರ್ ಹೊತ್ತಿಗೆ ಕಾಣದಂತಾಯಿತು. 1572ರಲ್ಲಿ ಟೈಕೊ ಬ್ರಾಹೆ ಕಂಡಿದ್ದಂಥ ಹೊಸ ನಕ್ಷತ್ರ ಇದೂ ಒಂದು, ಬಂತು, ಸತ್ತಿತು ಎಂದು ಫಾಬ್ರಿಸಿಯಸ್ ತೀರ್ಮಾನಿಸಿದ. ಆ ಕಾಲಕ್ಕೆ ಅದಕ್ಕಿಂತ ಸರಿಯಾದ ತೀರ್ಮಾನ ಇನ್ನೊಂದು ಇರಲಾರದು.

1603ರಲ್ಲಿ ಯೊಹಾನ್ ಬಾಯರ್ ತನ್ನ ಪ್ರಸಿದ್ಧ ನಕ್ಷತ್ರಪಟ ಹೊರತಂದಾಗ ಅದೇ ಜಾಗದಲ್ಲಿ ಒಂದು ಚುಕ್ಕಿ ಇಟ್ಟು ಒಮೈಕ್ರಾನ್ ಎಂಬ ಗ್ರೀಕ್ ಅಕ್ಷರ ಕೊಟ್ಟ. ಅದು ಪಾದ್ರಿ ಕಂಡ ‘ಸತ್ತ’ ನಕ್ಷತ್ರವೇ ಎಂದು ಅವನಿಗೆ ಗೊತ್ತಾಗಲಿಲ್ಲ. 1609ರ ಫೆಬ್ರವರಿಯಲ್ಲಿ ಫಾಬ್ರಿಸಿಯಸ್‌ಗೆ ಅದು ಇನ್ನೊಮ್ಮೆ ಕಂಡಿತು. ಸತ್ತದ್ದು ಎದ್ದು ಬಂದಿದೆ ಎಂಬುದೇ ಆಗ ದೊಡ್ಡ ಸುದ್ದಿ. ಆದರೆ ಆ ಮರಳುವಿಕೆಗೆ ಒಂದು ಲೆಕ್ಕವಿದೆ ಎಂದು ಕಂಡುಕೊಳ್ಳುವಷ್ಟು ಆಯುಸ್ಸು ಅವನಿಗೆ ಇರಲಿಲ್ಲ. 1617ರಲ್ಲಿ ಅವನು ಚರ್ಚಿನ ವೇದಿಕೆಯಿಂದಲೇ ಒಬ್ಬ ರೈತನನ್ನು ಬಾತುಕೋಳಿ ಕಳ್ಳ ಎಂದು ಸೂಚಿಸಿ ಮಾತಾಡಿದ. ಆ ಮನುಷ್ಯ ಸಿಟ್ಟಿನಲ್ಲಿ ಸಲಿಕೆಯಿಂದ ಹೊಡೆದು ಪಾದ್ರಿಯನ್ನು ಕೊಂದ. ಕೆಪ್ಲರ್ ಜೊತೆ ಪತ್ರ ವ್ಯವಹಾರ ಇಟ್ಟುಕೊಂಡಿದ್ದ, ಸೂರ್ಯನ ಕಲೆಗಳ ಬಗ್ಗೆ ಮೊದಲ ಪುಸ್ತಕ ಪ್ರಕಟಿಸಿದ ಮಗನನ್ನು ಪಡೆದಿದ್ದ ಮನುಷ್ಯನ ಕೊನೆ ಹೀಗಾಯಿತು. ಖಗೋಳ ವಿಜ್ಞಾನದ ಪುಸ್ತಕಗಳು ಈ ಬಾತುಕೋಳಿ ಪ್ರಸಂಗವನ್ನು ಬಿಡದೆ ಹೇಳುತ್ತವೆ. ನನಗೂ ಬಿಡಲಾಗಲಿಲ್ಲ.

ಲೆಕ್ಕ ಹಿಡಿದವನು ನೆದರ್ಲೆಂಡ್ಸ್‌ನ ಫ್ರಾನೆಕರ್ ಊರಿನ ಯೊಹಾನೆಸ್ ಹೊಲ್ವಾರ್ಡಾ. 1638ರಲ್ಲಿ ಚಂದ್ರಗ್ರಹಣವೊಂದನ್ನು ನೋಡುವ ಹೊತ್ತಿಗೆ ಅವನಿಗೆ ಈ ನಕ್ಷತ್ರ ಕಂಡಿತು, ಮಾಯವಾಯಿತು, ಮರುವರ್ಷ ಮತ್ತೆ ಬಂತು. ಸರಿಸುಮಾರು ಹನ್ನೊಂದು ತಿಂಗಳ ಅವಧಿ ಎಂದ. ಡಾನ್‌ಜಿಗ್‌ನ ಹೆವೆಲಿಯಸ್ 1662ರಲ್ಲಿ ಅದರ ಬಗ್ಗೆ ಕಿರುಹೊತ್ತಗೆ ಬರೆದು ‘ಬೆರಗಿನ ತಾರೆ’ ಎಂಬರ್ಥದ ಲ್ಯಾಟಿನ್ ಹೆಸರು ಇಟ್ಟ. 1667ರಲ್ಲಿ ಪ್ಯಾರಿಸ್ಸಿನ ಇಸ್ಮಾಯೆಲ್ ಬೂಲಿಯೊ 333 ದಿನ ಎಂದು ಎಣಿಸಿದ. ಇವತ್ತಿನ ಲೆಕ್ಕಕ್ಕೂ ಅವನದಕ್ಕೂ ಒಂದೇ ದಿನದ ವ್ಯತ್ಯಾಸ! ಆದರೆ ಕಾರಣ ಹೇಳುವಾಗ ಎಡವಿದ: ನಕ್ಷತ್ರದ ಒಂದು ಮಗ್ಗುಲು ಕಪ್ಪು ಕಲೆಗಳಿಂದ ತುಂಬಿದೆ, ಅದು ತಿರುಗಿದಂತೆ ಬೆಳಕು ಏರಿಳಿಯುತ್ತದೆ ಎಂದ. ಈ ವಿವರಣೆ ಎಷ್ಟು ಸರಳವೂ ಒಪ್ಪುವಂಥದ್ದೂ ಆಗಿತ್ತೆಂದರೆ ಬಹುಕಾಲ ಯಾರೂ ಅದನ್ನು ಕೈಬಿಡಲಿಲ್ಲ.

ಇದರಿಂದ ಆದದ್ದು ಸಣ್ಣ ಬದಲಾವಣೆಯಲ್ಲ. ಅರಿಸ್ಟಾಟಲನ ಕಾಲದಿಂದ ಯೂರೋಪಿನ ವಿದ್ವಾಂಸರಿಗೆ ನಕ್ಷತ್ರಲೋಕ ಎಂದರೆ ಅಚಲ. 1572 ಮತ್ತು 1604ರ ಹೊಸ ನಕ್ಷತ್ರಗಳು ಆ ನಂಬಿಕೆಗೆ ಪೆಟ್ಟು ಕೊಟ್ಟಿದ್ದವು ನಿಜ, ಆದರೆ ಅವನ್ನು ಅಪವಾದ ಎಂದು ಪಕ್ಕಕ್ಕಿಡಬಹುದಿತ್ತು. ಮೀರಾವನ್ನು ಪಕ್ಕಕ್ಕಿಡುವುದು ಕಷ್ಟ, ಅದು ಮತ್ತೆ ಮತ್ತೆ ಬರುತ್ತದೆ.

ಒಳಗೆ ನಡೆಯುವುದೇನು

ಮೀರಾ ಸುಮಾರು 300 ಜ್ಯೋತಿರ್ವರ್ಷ ದೂರದಲ್ಲಿದೆ. ದ್ರವ್ಯರಾಶಿಯಲ್ಲಿ ನಮ್ಮ ಸೂರ್ಯನಿಗಿಂತ ತುಸು ಹೆಚ್ಚು, ಅಷ್ಟೇ. ಗಾತ್ರದಲ್ಲಿ ಮಾತ್ರ ಹೋಲಿಕೆಯೇ ಇಲ್ಲ: ಅದನ್ನು ತಂದು ಸೂರ್ಯನ ಜಾಗದಲ್ಲಿಟ್ಟರೆ ಭೂಮಿಯ ಕಕ್ಷೆ ಅದರ ಹೊಟ್ಟೆಯೊಳಗಿರುತ್ತದೆ. ಮೇಲ್ಮೈ ಉಷ್ಣತೆ 3,000 ಡಿಗ್ರಿಯ ಆಸುಪಾಸು, ಸೂರ್ಯನದರ ಅರ್ಧ. ಆದ್ದರಿಂದಲೇ ಕೆಂಪು.

ಇದು ಮುಪ್ಪಿನ ನಕ್ಷತ್ರ. ನಡುವಿನ ಹೈಡ್ರೋಜನ್ ಎಂದೋ ಮುಗಿದಿದೆ, ಆಮೇಲೆ ಹೀಲಿಯಂ ಕೂಡ ಮುಗಿದಿದೆ. ಉಳಿದಿರುವುದು ಕಾರ್ಬನ್ ಮತ್ತು ಆಕ್ಸಿಜನ್ ತುಂಬಿದ, ಭೂಮಿಯಷ್ಟೇ ಗಾತ್ರದ, ಅತಿ ಒತ್ತಾದ ತಿರುಳು. ಅದರ ಸುತ್ತ ತೆಳುವಾದ ಎರಡು ಪದರಗಳಲ್ಲಿ, ಒಳಗಡೆ ಹೀಲಿಯಂ, ಹೊರಗಡೆ ಹೈಡ್ರೋಜನ್ ಉರಿಯುತ್ತಿರುತ್ತವೆ. ಇಷ್ಟು ಚಿಕ್ಕ ಒಲೆಯ ಮೇಲೆ ಕೋಟ್ಯಂತರ ಕಿಲೋಮೀಟರ್ ಅಗಲದ ತೆಳು ಅನಿಲ ಉಬ್ಬಿ ನಿಂತಿದೆ. ಆ ಹೊದಿಕೆಗೆ ಹಿಡಿತ ಕಡಿಮೆ.

ಮಿಡಿತ ಹುಟ್ಟುವುದು ಆ ಹೊದಿಕೆಯಲ್ಲಿ. ಅಲ್ಲೊಂದು ಆಳದಲ್ಲಿ ಹೈಡ್ರೋಜನ್ ಪರಮಾಣುಗಳು ಅರ್ಧಂಬರ್ಧ ಇಲೆಕ್ಟ್ರಾನ್ ಕಳೆದುಕೊಂಡ ಸ್ಥಿತಿಯಲ್ಲಿರುತ್ತವೆ. ನಕ್ಷತ್ರ ತುಸು ಕುಗ್ಗಿದರೆ ಆ ಪದರ ಒತ್ತಾಗಿ ಒಳಗಿನ ಶಾಖಕ್ಕೆ ಅಡ್ಡ ಬರುತ್ತದೆ. ಕುದಿಯುವ ಅನ್ನದ ಪಾತ್ರೆಯ ಮುಚ್ಚಳದ ಹಾಗೆ: ಶಾಖ ಕಟ್ಟಿಕೊಂಡಾಗ ಮೇಲೇಳುತ್ತದೆ, ಹೊರಬಿಟ್ಟಾಗ ಕೆಳಗೆ ಕೂರುತ್ತದೆ. ಮಿಡಿಯುವ ನಕ್ಷತ್ರಗಳಿಗೆ ಇಂಥದೊಂದು ಕವಾಟ ಇರಬೇಕೆಂದು ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಸೂಚಿಸಿದವರು ಆರ್ಥರ್ ಎಡಿಂಗ್ಟನ್. ಮೀರಾದಂಥ ಕೆಂಪು ದೈತ್ಯಗಳ ವಿಷಯದಲ್ಲಿ ಲೆಕ್ಕ ಇಷ್ಟಕ್ಕೇ ನಿಲ್ಲುವುದಿಲ್ಲ. ಅಲ್ಲಿ ಅನಿಲದ ಭಾರಿ ಗುಳ್ಳೆಗಳು ಕೂಡ ಮೇಲೆ ಕೆಳಗೆ ಕಲಕುತ್ತಿರುತ್ತವೆ. 2023ರಲ್ಲಿ ಚಿಲಿಯ ಆಲ್ಮಾ ರೇಡಿಯೊ ದೂರದರ್ಶಕಗಳು ಆರ್ ಡೊರಾಡಸ್ ಎಂಬ ಇಂಥದೇ ನಕ್ಷತ್ರದ ಮೇಲ್ಮೈಯನ್ನು ವಾರಗಟ್ಟಲೆ ಚಿತ್ರಿಸಿದವು. ಒಂದೊಂದು ಗುಳ್ಳೆಯೂ ಸೂರ್ಯನ 75 ಪಟ್ಟು ಗಾತ್ರದ್ದು.

ನೋಡುವವರನ್ನು ಗೊಂದಲಕ್ಕೆ ಬೀಳಿಸುವ ಸಂಗತಿ ಇನ್ನೊಂದಿದೆ. ಇವು ಹಿಗ್ಗಿದಾಗ ಹೊಳೆಯುವುದಿಲ್ಲ, ಹೆಚ್ಚುಕಡಿಮೆ ಕುಗ್ಗಿದಾಗ ಹೊಳೆಯುತ್ತವೆ. ರಾಜಹಂಸ ಪುಂಜದ ಕೈ ಸಿಗ್ನಿ ಎಂಬ ನಕ್ಷತ್ರವನ್ನು ಹಲವು ದೂರದರ್ಶಕಗಳ ಬೆಳಕು ಬೆಸೆದು ಅಳೆದಾಗ ಅದರ ವ್ಯಾಸ 48 ಕೋಟಿ ಕಿಲೋಮೀಟರಿನಿಂದ 77 ಕೋಟಿ ಕಿಲೋಮೀಟರಿನವರೆಗೆ ಹೋಗಿ ಬರುವುದು ಗೊತ್ತಾಯಿತು. ಹಿಗ್ಗಿದಾಗ ಹೊರಗಿನ ಅನಿಲ ತಣಿಯುತ್ತದೆ. ತಣಿದಾಗ ಅಲ್ಲಿ ಟೈಟಾನಿಯಂ ಆಕ್ಸೈಡಿನಂಥ ಅಣುಗಳು ಹುಟ್ಟಿಕೊಳ್ಳುತ್ತವೆ. ಈ ಅಣುಗಳಿಗೆ ನಮ್ಮ ಕಣ್ಣಿಗೆ ಕಾಣುವ ಬೆಳಕೆಂದರೆ ಬಲು ಹಸಿವು. ಅದನ್ನು ನುಂಗಿ, ಅವಕೆಂಪು ಕಿರಣಗಳಾಗಿ ಹೊರಹಾಕುತ್ತವೆ. ಅಂದರೆ ನಕ್ಷತ್ರದ ಒಟ್ಟು ಶಕ್ತಿಯ ಏರಿಳಿತ ಸಾಧಾರಣದ್ದು, ಎರಡು ಮೂರು ಪಟ್ಟಿನ ಮಾತು. ನಮ್ಮ ಕಣ್ಣಿಗೆ ಕಾಣುವ ಏರಿಳಿತ ಮಾತ್ರ ನೂರಾರು ಪಟ್ಟು. ಮೀರಾ ಒಳ್ಳೆಯ ವರ್ಷಗಳಲ್ಲಿ 2ನೇ ಕಾಂತಿಮಾನದವರೆಗೂ ಏರಿ, ಆಮೇಲೆ 9 ಅಥವಾ 10ಕ್ಕೆ ಇಳಿಯುತ್ತದೆ. (ಕಾಂತಿಮಾನದ ಅಂಕಿ ಹೆಚ್ಚಾದಷ್ಟೂ ನಕ್ಷತ್ರ ಮಂಕು ಎಂಬುದನ್ನು ನೆನಪಿಟ್ಟುಕೊಳ್ಳಬೇಕು, ಈ ಉಲ್ಟಾ ಪದ್ಧತಿ ಗ್ರೀಕರಿಂದ ಬಂದದ್ದು.) ಕೈ ಸಿಗ್ನಿಯದು ಇನ್ನೂ ಅತಿ. 3.3ರಿಂದ 14.2, ಅಂದರೆ ಇಪ್ಪತ್ತು ಸಾವಿರ ಪಟ್ಟಿಗೂ ಮೀರಿದ ವ್ಯತ್ಯಾಸ.

ಪ್ರತಿ ಸುತ್ತೂ ಹಿಂದಿನದರ ನಕಲಲ್ಲ. ಒಂದು ವರ್ಷ ಮೀರಾದ ಶಿಖರ 4ನೇ ಕಾಂತಿಮಾನಕ್ಕೇ ಮುಗಿದುಬಿಡುತ್ತದೆ. 1779ರಲ್ಲಿ ವಿಲಿಯಂ ಹರ್ಷೆಲ್ ನೋಡಿದಾಗ ಅದು ರೋಹಿಣಿಗೆ ಸರಿಸಾಟಿ ಎನ್ನುವಷ್ಟು ಏರಿತ್ತು. ಮುಂದಿನ ಶಿಖರ ಎಷ್ಟೆತ್ತರದ್ದು ಎಂದು ನಿಖರವಾಗಿ ಹೇಳುವ ವಿದ್ಯೆ ಇವತ್ತಿಗೂ ಕೈಗೂಡಿಲ್ಲ.

ಮದರಾಸಿನ ರಘುನಾಥಾಚಾರಿ

ಈ ಕತೆಯಲ್ಲಿ ನಮ್ಮ ಕಡೆಯವರು ಎಲ್ಲಿ ಬರುತ್ತಾರೆ ಎಂದು ಕೇಳಿದರೆ ಉತ್ತರ 1867ರ ಜನವರಿ.

ಮದರಾಸು ವೀಕ್ಷಣಾಲಯ ಆಗ ನಾರ್ಮನ್ ಪಾಗ್ಸನ್ ಕೈಯಲ್ಲಿತ್ತು. ಕಾಂತಿಮಾನದ ಅಳತೆಗೆ ಇಂದು ಜಗತ್ತೇ ಬಳಸುವ ಗಣಿತಸೂತ್ರವನ್ನು 1856ರಲ್ಲಿ ಸೂಚಿಸಿದವನು ಇದೇ ಪಾಗ್ಸನ್. ಹೀಗೆ ಪ್ರಕಾಶ ಏರಿಳಿಯುವ ನಕ್ಷತ್ರಗಳು, ಅಂದರೆ ಚರತಾರೆಗಳು, ಎಂದರೆ ಅವನಿಗೆ ಪ್ರಾಣ. ಅವನ ಮೊದಲ ಸಹಾಯಕ ಚಿಂತಾಮಣಿ ರಘುನಾಥಾಚಾರಿ, ಪಂಚಾಂಗ ಗಣಿತದ ಮನೆತನದವರು, ಹದಿಹರೆಯದಲ್ಲೇ ವೀಕ್ಷಣಾಲಯಕ್ಕೆ ಸೇರಿ ಅಲ್ಲೇ ಬಾಳಿದವರು. ದಕ್ಷಿಣೋತ್ತರ ರೇಖೆಯನ್ನು ನಕ್ಷತ್ರ ದಾಟುವ ಗಳಿಗೆಯನ್ನು ಅಳೆಯುವ ಮೆರಿಡಿಯನ್ ಸರ್ಕಲ್ ಯಂತ್ರದ ಮುಂದೆ ಕೂತು ಸಾವಿರಾರು ನಕ್ಷತ್ರಗಳ ಸ್ಥಾನ ದಾಖಲಿಸುವುದು ಅವರ ಕೆಲಸ. ಬೇಸರದ ದುಡಿಮೆ. ಹಾಗೆ ದಾಖಲಿಸುವಾಗ ತೆಂಕಣ ಆಕಾಶದ ರೆಟಿಕ್ಯುಲಮ್ ಪುಂಜದ ಒಂದು ನಕ್ಷತ್ರದ ಪ್ರಕಾಶ ಒಂದೊಂದು ಸಲ ಒಂದೊಂದು ರೀತಿ ಇರುವುದನ್ನು ಅವರು ಹಿಡಿದರು. ಇಂದು ಅದರ ಹೆಸರು ಆರ್ ರೆಟಿಕ್ಯುಲೈ. ಮೀರಾ ಬಗೆಯದೇ, ಸುಮಾರು 278 ದಿನಗಳ ಅವಧಿ. ಆಧುನಿಕ ಕಾಲದಲ್ಲಿ ಭಾರತೀಯರೊಬ್ಬರು ಚರತಾರೆಯೊಂದನ್ನು ಪತ್ತೆಹಚ್ಚಿದ್ದು ಅದೇ ಮೊದಲು.

ಆ ನಕ್ಷತ್ರ ಮದರಾಸಿನಿಂದ ನೋಡಿದರೆ ದಕ್ಷಿಣ ದಿಗಂತದಿಂದ ಹದಿನಾಲ್ಕು ಡಿಗ್ರಿಗಿಂತ ಮೇಲೇರುವುದಿಲ್ಲ. ಸಮುದ್ರ ತೀರದ ಆವಿ, ಮಬ್ಬು ಎಲ್ಲ ಕಟ್ಟಿಕೊಳ್ಳುವ ಎತ್ತರ ಅದು. ಮಂಕಾಗಿ ಕಂಡರೆ ಗಾಳಿಯ ದೋಷ ಎಂದು ಷರಾ ಬರೆದು ಮುಂದಕ್ಕೆ ಹೋಗುವುದು ಬಲು ಸುಲಭವಿತ್ತು. ರಘುನಾಥಾಚಾರಿ ಹಾಗೆ ಹೋಗಲಿಲ್ಲ ಎನ್ನುವುದೇ ನನ್ನ ಕಣ್ಣಿಗೆ ಅವರ ದೊಡ್ಡಸ್ತಿಕೆ.

ಲಂಡನ್ನಿನ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿ 1872ರಲ್ಲಿ ಅವರನ್ನು ಫೆಲೋ ಆಗಿ ಆರಿಸಿಕೊಂಡಿತು. 1874ರ ಡಿಸೆಂಬರಿನಲ್ಲಿ ಶುಕ್ರ ಸೂರ್ಯಬಿಂಬವನ್ನು ಹಾಯ್ದುಹೋಗುವ ಮೊದಲು ಅವರು ಜನಸಾಮಾನ್ಯರಿಗಾಗಿ ಕಿರುಹೊತ್ತಗೆ ಬರೆದರು. ಅದು ಕನ್ನಡದಲ್ಲೂ ಬಂತು. ದೃಗ್ಗಣಿತ, ಅಂದರೆ ಕಣ್ಣಿಗೆ ಕಾಣುವ ಆಕಾಶಕ್ಕೆ ಹೊಂದುವ ಲೆಕ್ಕದ ಪಂಚಾಂಗ ಬೇಕೆಂದು ಹಟ ಹಿಡಿದು, ಹಳೆಯ ಪಂಚಾಂಗದವರ ವಿರೋಧವನ್ನೂ ಕಟ್ಟಿಕೊಂಡರು. 1880ರಲ್ಲಿ ತೀರಿಕೊಂಡರು. ಮದರಾಸು ವೀಕ್ಷಣಾಲಯದ ಪರಂಪರೆ ಮುಂದೆ ಕೊಡೈಕನಾಲಿಗೆ ಹೋಗಿ, ಅಲ್ಲಿಂದ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಾಗಿ ಬೆಳೆಯಿತು. ಆ ಕಾಲದ ದಾಖಲೆಗಳು ಇವತ್ತು ಕೋರಮಂಗಲದಲ್ಲಿವೆ.

ರಘುನಾಥಾಚಾರಿಗೆ ಸರ್ಕಾರದ ಯಂತ್ರವಾದರೂ ಇತ್ತು. ಅವಿಭಜಿತ ಬಂಗಾಳದ ಜೆಸ್ಸೋರಿನ ರಾಧಾಗೋವಿಂದ ಚಂದ್ರರಿಗೆ ಅದೂ ಇರಲಿಲ್ಲ. ಶಾಲೆಯ ಪರೀಕ್ಷೆಗಳಲ್ಲಿ ಸೋತು, ಖಜಾನೆ ಕಚೇರಿಯಲ್ಲಿ ನೌಕರಿಗೆ ಸೇರಿದವರು. ಸ್ವಂತ ದುಡ್ಡಿನಲ್ಲಿ ಮೂರಂಗುಲದ ದೂರದರ್ಶಕ ತರಿಸಿಕೊಂಡು ರಾತ್ರಿ ರಾತ್ರಿ ಆಕಾಶ ನೋಡಿದವರು. 1918ರಲ್ಲಿ ಗರುಡ ಪುಂಜದಲ್ಲಿ ಸಿಡಿದ ನೋವಾವನ್ನು ಅವರು ಕಂಡದ್ದು ಅಮೆರಿಕದ ಚರತಾರಾ ವೀಕ್ಷಕರ ಸಂಘಕ್ಕೆ ತಿಳಿಯಿತು. 1911ರಲ್ಲಿ ಹುಟ್ಟಿದ ಆ ಸಂಘದಲ್ಲಿ ವೃತ್ತಿಪರರಿಗಿಂತ ಹವ್ಯಾಸಿಗಳೇ ಹೆಚ್ಚು. ಸಂಘ ಅವರನ್ನು ಸದಸ್ಯರನ್ನಾಗಿ ಮಾಡಿಕೊಂಡು 1926ರಲ್ಲಿ ಆರಂಗುಲದ ದೂರದರ್ಶಕವನ್ನೇ ಸಾಗರದಾಚೆಯಿಂದ ಕಳಿಸಿಕೊಟ್ಟಿತು. 1954ರವರೆಗೆ ಚಂದ್ರ 37,000ಕ್ಕೂ ಹೆಚ್ಚು ಅಂದಾಜುಗಳನ್ನು ಕಳಿಸಿದರು. ನಡುವೆ ದೇಶ ಒಡೆಯಿತು, ಅವರು ಊರು ಬಿಟ್ಟು ಕಲ್ಕತ್ತದ ಹತ್ತಿರದ ಬಾರಾಸಾತ್‌ಗೆ ಬಂದರು, ಆದರೂ ಕೆಲಸ ನಿಲ್ಲಲಿಲ್ಲ. ಅವರಿಗೆ ವಯಸ್ಸಾದ ಮೇಲೆ ದೂರದರ್ಶಕ ಖಗೋಳವಿಜ್ಞಾನಿ ವೈಣು ಬಪ್ಪು ಅವರ ಕೈಗೆ ದಾಟಿ, ಕೊನೆಗೆ ತಮಿಳುನಾಡಿನ ಕಾವಲೂರು ವೀಕ್ಷಣಾಲಯ ಸೇರಿತು. ಬಪ್ಪು ಕೂಡ ಹುಡುಗನಾಗಿದ್ದಾಗ ಹೈದರಾಬಾದಿನಲ್ಲಿ ಚರತಾರೆಗಳನ್ನು ನೋಡುತ್ತಲೇ ಖಗೋಳಕ್ಕೆ ಬಂದವರು.

ನಕ್ಷತ್ರದಲ್ಲಿ ಸಿಕ್ಕ ಧಾತು

ಮೂಲವಸ್ತುಗಳ ಕೋಷ್ಟಕದಲ್ಲಿ 43ನೇ ಮನೆ ಬಹುಕಾಲ ಖಾಲಿಯಿತ್ತು. ಟೆಕ್ನೀಷಿಯಂ ಎಂಬ ಆ ಧಾತು 1937ರಲ್ಲಿ ಸಿಕ್ಕಿದ್ದೇ ಕೃತಕವಾಗಿ, ಸೈಕ್ಲೊಟ್ರಾನಿನಲ್ಲಿ ಕಣಗಳ ಹೊಡೆತ ತಿಂದ ಮಾಲಿಬ್ಡಿನಂ ತಗಡಿನಲ್ಲಿ. ಅದರ ಯಾವ ರೂಪವೂ ಸ್ಥಿರವಲ್ಲ. ಭೂಮಿ ಹುಟ್ಟಿದಾಗ ಇದ್ದದ್ದೆಲ್ಲ ಎಂದೋ ಕೊಳೆತು ಬೇರೆಯಾಗಿ ಹೋಗಿದೆ.

1952ರಲ್ಲಿ ಮೌಂಟ್ ವಿಲ್ಸನ್ ವೀಕ್ಷಣಾಲಯದ ಪಾಲ್ ಮೆರಿಲ್, ಆರ್ ಆಂಡ್ರೊಮಿಡೆಯಂಥ ಕೆಲವು ದೀರ್ಘಾವಧಿ ಚರತಾರೆಗಳ ರೋಹಿತದಲ್ಲಿ ಟೆಕ್ನೀಷಿಯಂ ಗೆರೆಗಳನ್ನು ಕಂಡರು. ಇದಕ್ಕೆ ಒಂದೇ ಅರ್ಥ. ಈ ಮುದಿ ನಕ್ಷತ್ರಗಳ ವಯಸ್ಸು ನೂರಾರು ಕೋಟಿ ವರ್ಷ. ಅಲ್ಲಿ ತಯಾರಾಗುವ ಟೆಕ್ನೀಷಿಯಂ ಎರಡು ಲಕ್ಷ ವರ್ಷಗಳಲ್ಲಿ ಅರ್ಧ ಆಗುವಂಥದ್ದು. ಹುಟ್ಟುವಾಗ ತಂದದ್ದು ಇಷ್ಟು ಕಾಲ ಉಳಿದಿರಲು ಸಾಧ್ಯವೇ ಇಲ್ಲ, ಹಾಗಾಗಿ ಅದು ಈಚೆಗೆ ಅಲ್ಲೇ ಬೆಂದದ್ದು. ಧಾತುಗಳು ನಕ್ಷತ್ರಗಳ ಒಳಗೆ ತಯಾರಾಗುತ್ತವೆ ಎಂಬ ಮಾತು ಅಲ್ಲಿಯವರೆಗೆ ಸಿದ್ಧಾಂತಿಗಳ ಊಹೆಯಾಗಿತ್ತು. ಮೆರಿಲ್ ಕೈಯಲ್ಲಿ ಸಾಕ್ಷಿ ಸಿಕ್ಕಿತು. ಐದು ವರ್ಷಗಳ ನಂತರ ಬರ್ಬಿಜ್ ದಂಪತಿ, ಫೌಲರ್, ಹೊಯ್ಲ್ ನಾಲ್ವರೂ ಸೇರಿ ಬರೆದ ಮಹಾಪ್ರಬಂಧಕ್ಕೆ ಇದು ಆಧಾರಗಳಲ್ಲೊಂದಾಯಿತು.

ಬೆಂದದ್ದು ಒಳಗೇ ಉಳಿಯುವುದಿಲ್ಲ. ಪ್ರತಿ ಮಿಡಿತವೂ ಹೊರಗಿನ ಅನಿಲವನ್ನು ಎತ್ತಿ ಎಸೆಯುತ್ತದೆ. ದೂರ ಹೋಗಿ ತಣಿದ ಅನಿಲ ಧೂಳಿನ ಕಣಗಳಾಗುತ್ತದೆ. ನಕ್ಷತ್ರದ ಬೆಳಕು ಆ ಕಣಗಳನ್ನು ತಳ್ಳುತ್ತದೆ, ಕಣಗಳು ಅನಿಲವನ್ನೂ ಎಳೆದುಕೊಂಡು ಹೊರಡುತ್ತವೆ. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್ ಊರಿಗೆ ಬಿದ್ದ ಉಲ್ಕಾಶಿಲೆಯನ್ನು ಒಡೆದು ಕರಗಿಸಿ ಜಾಲಾಡಿದಾಗ ಸೂರ್ಯನಿಗಿಂತ ಹಳೆಯ ಸಿಲಿಕಾನ್ ಕಾರ್ಬೈಡ್ ಕಣಗಳು ದೊರೆತವು. ಅವುಗಳಲ್ಲಿ ಬಹುಪಾಲು ಬಂದದ್ದು ಈ ಬಗೆಯ ಮುದಿ ಕೆಂಪು ದೈತ್ಯಗಳಿಂದ. ಕೆಲವಕ್ಕೆ ವಯಸ್ಸು 700 ಕೋಟಿ ವರ್ಷದಷ್ಟು ಎಂದು 2020ರ ಅಧ್ಯಯನ ಹೇಳಿತು. ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಬಹುದಾದ ನಕ್ಷತ್ರದ ತುಣುಕುಗಳು ಅವು.

ಮೀರಾ ಹೀಗೆ ಚೆಲ್ಲಿದ್ದು ಎಷ್ಟು ಎಂಬುದನ್ನು 2007ರಲ್ಲಿ ಗ್ಯಾಲೆಕ್ಸ್ ಎಂಬ ಅತಿನೇರಳೆ ಉಪಗ್ರಹ ತೋರಿಸಿತು. ನಕ್ಷತ್ರದ ಹಿಂದೆ 13 ಜ್ಯೋತಿರ್ವರ್ಷ ಉದ್ದದ ಬಾಲ! ಸೆಕೆಂಡಿಗೆ 130 ಕಿಲೋಮೀಟರ್ ವೇಗದಲ್ಲಿ ಓಡುತ್ತಾ ಅದು 30,000 ವರ್ಷಗಳಲ್ಲಿ ಬಿಟ್ಟುಬಂದದ್ದು ಅಲ್ಲಿದೆ. ಸರಾಸರಿ ಹತ್ತು ವರ್ಷಕ್ಕೆ ಒಂದು ಭೂಮಿಯ ತೂಕದಷ್ಟು. ಅದಕ್ಕೂ ಮೊದಲು ನಾಲ್ಕು ಶತಮಾನ ಅದನ್ನು ನೋಡಿದವರಲ್ಲಿ ಒಬ್ಬರಿಗೂ ಆ ಬಾಲದ ಸುಳಿವಿರಲಿಲ್ಲ. ಕಾಣುವ ಬೆಳಕಿನಲ್ಲಿ ಅದು ಇಲ್ಲವೇ ಇಲ್ಲ ಎನ್ನುವಷ್ಟು ಮಂದ. ಜೊತೆಗೆ ಮೀರಾ ಒಂಟಿಯೂ ಅಲ್ಲ. 1923ರಲ್ಲಿ ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದಲ್ಲಿ ರಾಬರ್ಟ್ ಐಟ್ಕೆನ್ ಅದರ ಪಕ್ಕದಲ್ಲೊಂದು ಚಿಕ್ಕ ಸಂಗಾತಿಯನ್ನು ಕಂಡಿದ್ದರು. ಮೀರಾ ಚೆಲ್ಲಿದ ಅನಿಲದಲ್ಲಿ ಒಂದಿಷ್ಟನ್ನು ಎಳೆದುಕೊಳ್ಳುವ ಶ್ವೇತಕುಬ್ಜ ಅದು.

ನಮ್ಮ ಸೂರ್ಯನಿಗೂ ಇದೇ ಹಾದಿ. ಇನ್ನು 500 ಕೋಟಿ ವರ್ಷ ಕಳೆದು, ಹೈಡ್ರೋಜನ್ ಮುಗಿದು, ಉಬ್ಬಿ, ಕೆಂಪಾಗಿ, ಅದೂ ಹೀಗೆ ಮಿಡಿಯಲಿದೆ.

ಮೂರು ಶತಮಾನದ ನೋಟ್‌ಬುಕ್ಕು

ನಕ್ಷತ್ರದ ಬಾಳು ಕೋಟಿ ವರ್ಷಗಳ ಲೆಕ್ಕದ್ದು, ಮನುಷ್ಯನ ಕಣ್ಣಮುಂದೆ ಅದು ವಯಸ್ಸಾಗುವುದನ್ನು ನೋಡಲಾಗದು ಎಂದು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. ಸಾಮಾನ್ಯವಾಗಿ ನಿಜವೂ ಹೌದು. ಆದರೆ ಈ ಗುಂಪಿನಲ್ಲಿ ಕೆಲವು ಅಪವಾದಗಳಿವೆ.

ತಿರುಳಿನ ಸುತ್ತ ಹೀಲಿಯಂ ಪದರ ಸದಾ ಸಮನಾಗಿ ಉರಿಯುವುದಿಲ್ಲ. ಸಾವಿರಾರು ವರ್ಷ ಸುಮ್ಮನಿದ್ದು, ಹೀಲಿಯಂ ಸಾಕಷ್ಟು ಕೂಡಿದ ಮೇಲೆ ಒಮ್ಮೆಲೇ ಭಗ್ಗೆಂದು ಹತ್ತಿಕೊಳ್ಳುತ್ತದೆ. ಆಗ ನಕ್ಷತ್ರದ ಗಾತ್ರ ಬದಲಾಗುತ್ತದೆ, ಗಾತ್ರದ ಜೊತೆ ಮಿಡಿತದ ಅವಧಿಯೂ ಬದಲಾಗುತ್ತದೆ. ಹೈಡ್ರಾ ಪುಂಜದ ಆರ್ ಹೈಡ್ರೆ 1700ರ ಸುಮಾರಿಗೆ ಹೆಚ್ಚುಕಡಿಮೆ 500 ದಿನಗಳಿಗೊಮ್ಮೆ ಮಿಡಿಯುತ್ತಿತ್ತು. 1950ರ ಹೊತ್ತಿಗೆ ಅದು 385ಕ್ಕೆ ಇಳಿದಿತ್ತು. ಇದನ್ನು ಯಾವ ಒಬ್ಬ ಖಗೋಳಜ್ಞನೂ ನೋಡಲಿಲ್ಲ. ಹತ್ತು ತಲೆಮಾರಿನ ಕಣ್ಣುಗಳು ಸೇರಿ ನೋಡಿದವು.

ಅದಕ್ಕಿಂತ ಸ್ಪಷ್ಟವಾದದ್ದು ಲಘು ಸಪ್ತರ್ಷಿ ಪುಂಜದ ಟಿ ಅರ್ಸೆ ಮೈನೊರಿಸ್. ಇಪ್ಪತ್ತನೇ ಶತಮಾನದ ಬಹುಪಾಲು ಅದರ ಅವಧಿ 310 ದಿನಗಳ ಆಸುಪಾಸಿನಲ್ಲಿ ಗಟ್ಟಿಯಾಗಿ ನಿಂತಿತ್ತು. ಶತಮಾನದ ಕೊನೆಯ ದಶಕಗಳಲ್ಲಿ ಕುಸಿಯತೊಡಗಿ, ಮೂವತ್ತು ನಲವತ್ತು ವರ್ಷಗಳಲ್ಲಿ ನೂರು ದಿನದಷ್ಟು ಕಡಿಮೆಯಾಯಿತು. ಹವ್ಯಾಸಿಗಳು ದಶಕಗಟ್ಟಲೆ ಕಲೆಹಾಕಿದ್ದ ಆ ರೇಖೆಯನ್ನು ಮುಂದಿಟ್ಟುಕೊಂಡು 2019ರಲ್ಲಿ ಹಂಗೇರಿ, ಆಸ್ಟ್ರೇಲಿಯಾಗಳ ಸಂಶೋಧಕರು ಲೆಕ್ಕ ಹಾಕಿದರು: ನಮ್ಮ ಕಣ್ಣಮುಂದೆಯೇ ಅಲ್ಲಿ ಹೀಲಿಯಂ ಹೊತ್ತಿಕೊಂಡಿದೆ. ನಕ್ಷತ್ರದ ಮೂಲ ತೂಕ ಎರಡು ಸೂರ್ಯರಷ್ಟು, ವಯಸ್ಸು ಸುಮಾರು 120 ಕೋಟಿ ವರ್ಷ. ಇನ್ನು ಐವತ್ತು ವರ್ಷದೊಳಗೆ ಅದು ಕುಗ್ಗುವುದನ್ನು ನಿಲ್ಲಿಸಿ ಮತ್ತೆ ಹಿಗ್ಗಬೇಕು. ಈ ಭವಿಷ್ಯ ಸರಿಯೋ ಅಲ್ಲವೋ ಎಂದು ಇವತ್ತು ಹೈಸ್ಕೂಲಿನಲ್ಲಿರುವವರು ತಮ್ಮ ಆಯುಸ್ಸಿನಲ್ಲೇ ಪರೀಕ್ಷಿಸಿ ನೋಡಬಹುದು.

ಹಾಗಾದರೆ ಈ ಹವ್ಯಾಸಿ ದಾಖಲೆಗೆ ವೃತ್ತಿಪರರು ಬೆಲೆ ಕೊಟ್ಟಿದ್ದಾರೆಯೇ? ಕೊಡದೆ ಗತಿಯಿರಲಿಲ್ಲ. 1989ರಲ್ಲಿ ಯೂರೋಪು ಹಾರಿಸಿದ ಹಿಪ್ಪಾರ್ಕಸ್ ಉಪಗ್ರಹ ನಕ್ಷತ್ರಗಳ ದೂರ ಅಳೆಯುವಾಗ, ಯಾವ ಚರತಾರೆ ಯಾವ ತಿಂಗಳಲ್ಲಿ ಎಷ್ಟು ಪ್ರಕಾಶವಾಗಿರುತ್ತದೆ ಎಂಬ ಮುನ್ಸೂಚನೆ ಬೇಕಾಯಿತು. ಅದನ್ನು ಒದಗಿಸಿದ್ದು ಅದೇ ಅಮೆರಿಕದ ಸಂಘ, ಟರ್ಕಿಯಲ್ಲಿ ಹುಟ್ಟಿದ ಜಾನೆಟ್ ಮಟ್ಟೈ ಅವರ ನೇತೃತ್ವದಲ್ಲಿ. ಹಿಪ್ಪಾರ್ಕಸ್‌ನ ವಾರಸುದಾರ ಗಾಯಾ 2022ರಲ್ಲಿ ಹೊರತಂದ ಪಟ್ಟಿಯಲ್ಲಿ ದೀರ್ಘಾವಧಿ ಚರತಾರೆ ಎನ್ನಬಹುದಾದ 17 ಲಕ್ಷ ನಕ್ಷತ್ರಗಳಿವೆ.

ಇವುಗಳಿಂದ ವಿಶ್ವವನ್ನೇ ಅಳೆಯುವ ಪ್ರಯತ್ನವೂ ನಡೆದಿದೆ. ಅವಕೆಂಪಿನಲ್ಲಿ ನೋಡಿದರೆ ಅವಧಿ ಉದ್ದವಾದಷ್ಟೂ ಮೀರಾ ತಾರೆಯ ನಿಜ ಪ್ರಕಾಶ ಹೆಚ್ಚು. ಅವಧಿ ಎಣಿಸಿ ನಿಜ ಪ್ರಕಾಶ ತಿಳಿದರೆ, ಕಾಣುವ ಪ್ರಕಾಶದಿಂದ ದೂರ ತಿಳಿಯುತ್ತದೆ. 2020ರಲ್ಲಿ ಕ್ಯಾರೊಲೈನ್ ಹುವಾಂಗ್ ಮತ್ತು ಸಂಗಡಿಗರು ಎನ್‌ಜಿಸಿ 1559 ಎಂಬ ಗೆಲಾಕ್ಸಿಯ ಮೀರಾ ತಾರೆಗಳನ್ನು ಹಬಲ್ ದೂರದರ್ಶಕದಲ್ಲಿ ಹಿಡಿದು ವಿಶ್ವದ ಹಿಗ್ಗುವಿಕೆಯ ದರ ಖಗೋಳಜ್ಞರು ಬಳಸುವ ಮಾನದಲ್ಲಿ 73ರ ಸುತ್ತಮುತ್ತ ಎಂದರು. ವಿಶ್ವದ ಆದಿಯ ಬೆಳಕಿನಿಂದ ಪ್ಲಾಂಕ್ ಉಪಗ್ರಹ ಎಣಿಸಿದ್ದು 67ರ ಸುತ್ತಮುತ್ತ. ಎರಡೂ ಅಂಕಿಗಳು ಕೂಡಿಬರುತ್ತಿಲ್ಲ, ಆ ಜಗಳ ಇನ್ನೂ ನಡೆದಿದೆ.

ನೀವೇ ನೋಡುವುದಾದರೆ

ಚಿಲಿಯ ವೇರಾ ರೂಬಿನ್ ವೀಕ್ಷಣಾಲಯ 2025ರಲ್ಲಿ ಕಣ್ಣು ತೆರೆದಿದೆ. ದಕ್ಷಿಣದ ಆಕಾಶವನ್ನೆಲ್ಲ ಕೆಲವೇ ರಾತ್ರಿಗಳಿಗೊಮ್ಮೆ ಚಿತ್ರಿಸುತ್ತಾ ಹತ್ತು ವರ್ಷ ನಡೆಯಬೇಕಾದ ಯೋಜನೆ ಅದರದ್ದು. ಇನ್ನು ಮನೆಯ ತಾರಸಿಯ ಮೇಲೆ ನಿಂತು ಕಣ್ಣಂದಾಜು ಮಾಡುವವರಿಗೇನು ಕೆಲಸ ಎಂದರೆ, ಕೆಲಸ ಇದೆ. ಆ ದೈತ್ಯ ಕ್ಯಾಮೆರಾಕ್ಕೆ ಮೀರಾದಂಥ ನಕ್ಷತ್ರದ ಪ್ರಕಾಶ ಅತಿಯಾಯಿತು. ಚಿತ್ರದಲ್ಲಿ ಬರೀ ಬಿಳಿ ಮಚ್ಚೆ ಮೂಡುತ್ತದೆ. ನಾನೂರು ವರ್ಷದ ರೇಖೆ ಮುರಿಯದೆ ಮುಂದುವರಿಯಬೇಕಾದರೆ ಚಿಕ್ಕ ಉಪಕರಣಗಳೂ ಬರಿಗಣ್ಣೂ ಬೇಕು.

ಬೆಂಗಳೂರಿನ ಅಕ್ಷಾಂಶದಿಂದ ಮೀರಾ ನೆತ್ತಿಗಿಂತ ತುಸು ದಕ್ಷಿಣಕ್ಕೆ ಹಾಯುತ್ತದೆ. ಡಿಸೆಂಬರ್ ನಡುವಿನಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಅದು ಅತಿ ಎತ್ತರದಲ್ಲಿರುತ್ತದೆ. ಕೃತ್ತಿಕೆಯಿಂದ ನೈರುತ್ಯಕ್ಕೆ ಕಣ್ಣು ಹಾಯಿಸಿದರೆ ಮೊದಲು ತಿಮಿಂಗಿಲ ಪುಂಜದ ಆಲ್ಫಾ ಸೀಟೈ ಸಿಗುತ್ತದೆ, ಅದೇ ಜಾಡಿನಲ್ಲಿ ಅದರರ್ಧಕ್ಕೂ ಹೆಚ್ಚು ದೂರ ಮುಂದೆ ಹೋದರೆ ಮೀರಾ. ಅವಧಿ ವರ್ಷಕ್ಕಿಂತ ಒಂದು ತಿಂಗಳು ಕಡಿಮೆಯಾದ್ದರಿಂದ ಶಿಖರ ಪ್ರತಿ ವರ್ಷ ಒಂದು ತಿಂಗಳು ಮುಂಚೆ ಬರುತ್ತದೆ. ಕೆಲವು ವರ್ಷ ಅದು ಏಪ್ರಿಲ್ ಮೇ ತಿಂಗಳಿಗೆ ಬಿದ್ದು ಸೂರ್ಯನ ಹೊಳಪಿನಲ್ಲಿ ಮುಚ್ಚಿಹೋಗುವುದೂ ಉಂಟು.

ವಿಧಾನ ಹತ್ತೊಂಬತ್ತನೇ ಶತಮಾನದಲ್ಲಿ ಬಾನ್ ನಗರದ ಆರ್ಗೆಲಾಂಡರ್ ಹೇಳಿಕೊಟ್ಟದ್ದೇ. ಪ್ರಕಾಶ ಗೊತ್ತಿರುವ ಎರಡು ನಕ್ಷತ್ರಗಳ ನಡುವೆ ನಿಮ್ಮ ತಾರೆ ಎಲ್ಲಿ ಕೂರುತ್ತದೆ ಎಂದು ನೋಡಬೇಕು. ಮೀರಾದ ಸುತ್ತ ಅನುಕೂಲಕ್ಕೆ ಆಲ್ಫಾ ಸೀಟೈ 2.5, ಗಾಮಾ 3.5, ಡೆಲ್ಟಾ 4.1 ಇವೆ. ಗಾಮಾಕ್ಕಿಂತ ಮಂಕು, ಡೆಲ್ಟಾಕ್ಕಿಂತ ಪ್ರಕಾಶ, ಎರಡರ ನಡುವೆ ಸರಿಯಾಗಿ ಎನಿಸಿದರೆ 3.8 ಎಂದು ಬರೆಯಬೇಕು, ಪಕ್ಕದಲ್ಲಿ ದಿನಾಂಕ ಮತ್ತು ಸಮಯ. ಹತ್ತು ದಿನಕ್ಕೊಮ್ಮೆ ನೋಡಿದರೆ ಸಾಕು; ದಿನಾ ನೋಡಿದರೆ ನಿನ್ನೆಯ ಅಂಕಿ ಇವತ್ತಿನ ಕಣ್ಣನ್ನು ದಾರಿ ತಪ್ಪಿಸುತ್ತದೆ. ಅಮೆರಿಕದ ಸಂಘದ ಕೋಶದಲ್ಲಿ ಬಂದು ಸೇರಿದ ವೀಕ್ಷಣೆಗಳು ಈಗ ಐದು ಕೋಟಿ ಮೀರಿವೆ, ಹೊಸಬರ ಅಂಕಿಗಳನ್ನೂ ಅವರು ತೆಗೆದುಕೊಳ್ಳುತ್ತಾರೆ. ಒಂದು ಎಚ್ಚರ ಮಾತ್ರ ಬೇಕು. ಕೆಂಪು ನಕ್ಷತ್ರವನ್ನು ದಿಟ್ಟಿಸಿದಷ್ಟೂ ಅದು ಇದ್ದದ್ದಕ್ಕಿಂತ ಪ್ರಕಾಶವಾಗಿ ಕಾಣುತ್ತಾ ಹೋಗುತ್ತದೆ, ಅದು ನಮ್ಮ ಕಣ್ಣಿನ ಗುಣ. ಆದ್ದರಿಂದ ಹೋಲಿಕೆಯ ನಕ್ಷತ್ರಕ್ಕೊಂದು, ಮೀರಾಕ್ಕೊಂದು ಚುಟುಕು ನೋಟ ಹಾಯಿಸಿ, ಮೊದಲು ತೋಚಿದ ಅಂಕಿಯನ್ನೇ ಬರೆದುಕೊಳ್ಳಿ.